ಕಾಂಬ್ಯೊ ಕೋರ್ಸಾ: ಚಕ್ರ ಸಡಿಲಿಸಿ ಬದಲಿಸುತ್ತಿದ್ದ ಗೇರು

ಇಟಲಿಯ ವಿಚೆಂಜಾ ನಗರದ ತುಲಿಯೊ ಕಂಪಾನ್ಯೋಲೊ ರೂಪಿಸಿದ ‘ಕಾಂಬ್ಯೊ ಕೋರ್ಸಾ’, 1940ರ ದಶಕದ ರೇಸ್ ಸೈಕಲ್‌ಗಳಲ್ಲಿ ಬಳಕೆಯಲ್ಲಿದ್ದ ಅಪರೂಪದ ಗೇರು ವ್ಯವಸ್ಥೆ. ಇಂದಿನ ಗೇರು ಸೈಕಲ್‌ಗಳಲ್ಲಿ ಸಡಿಲವಾದ ಚೈನನ್ನು ಎಳೆದು ಹಿಡಿಯುವ ಸ್ಪ್ರಿಂಗ್ ತೋಳು, ಪುಟ್ಟ ಗಾಲಿಗಳು ಇದರಲ್ಲಿರಲಿಲ್ಲ. ಆ ಕೆಲಸವನ್ನು ಹಿಂಚಕ್ರವೇ ಮಾಡುತ್ತಿತ್ತು.

ಸೀಟಿನಿಂದ ಹಿಂಚಕ್ರಕ್ಕೆ ಇಳಿಯುವ ಬಲಬದಿಯ ಕೊಳವೆಯಲ್ಲಿ ಎರಡು ಲಿವರ್‌ಗಳಿರುತ್ತಿದ್ದವು. ಸವಾರನು ಕೈಯನ್ನು ಹಿಂದಕ್ಕೆ ಚಾಚಿ, ಒಂದು ಲಿವರ್‌ನಿಂದ ಹಿಂಚಕ್ರದ ಬಿಗಿಯನ್ನು ಸಡಿಲಿಸುತ್ತಿದ್ದನು. ಬಳಿಕ ಪೆಡಲನ್ನು ಹಿಮ್ಮುಖವಾಗಿ ತಿರುಗಿಸುತ್ತ, ಇನ್ನೊಂದರಿಂದ ಚೈನನ್ನು ಪಕ್ಕದ ಹಲ್ಲುಗಾಲಿಗೆ ಸರಿಸುತ್ತಿದ್ದನು. ಚೈನು ದೊಡ್ಡ ಹಲ್ಲುಗಾಲಿಗೆ ಏರಿದರೆ ಚಕ್ರ ಮುಂದಕ್ಕೆ, ಚಿಕ್ಕದಕ್ಕೆ ಇಳಿದರೆ ಹಿಂದಕ್ಕೆ ಸರಿಯುತ್ತಿತ್ತು. ಅಚ್ಚಿನ ಎರಡೂ ತುದಿಗಳ ಹಲ್ಲುಗಳು ಚೌಕಟ್ಟಿನ ಹಲ್ಲುಗಳಲ್ಲಿ ಕೂಡಿಕೊಂಡಿದ್ದರಿಂದ ಚಕ್ರ ಓರೆಯಾಗುತ್ತಿರಲಿಲ್ಲ. ಕೊನೆಗೆ ಮತ್ತೆ ಬಿಗಿಗೊಳಿಸಬೇಕಿತ್ತು.

ಇಷ್ಟೆಲ್ಲ ನಡೆಯುವಾಗ ಹ್ಯಾಂಡಲ್ ಮೇಲೆ ಒಂದೇ ಕೈ, ಹಿಂಚಕ್ರ ಸಡಿಲ. ಮುಂದಕ್ಕೆ ತುಳಿಯುವಂತಿರಲಿಲ್ಲವಾದ್ದರಿಂದ ಕಡಿದಾದ ಏರಿನಲ್ಲಿ ವೇಗ ಥಟ್ಟನೆ ಕುಸಿಯುತ್ತಿತ್ತು. ಏರು ಎದುರಾಗುವ ಮೊದಲೇ ಗೇರು ಬದಲಿಸುವುದು ಕ್ಷೇಮಕರವಾಗಿತ್ತು. ಆದರೆ ಚೈನು ಪುಟ್ಟ ಗಾಲಿಗಳ ನಡುವೆ ಸುತ್ತಿ ಬರಬೇಕಿರಲಿಲ್ಲವಾದ್ದರಿಂದ ಘರ್ಷಣೆ ಕಡಿಮೆಯಿತ್ತು.

ಜೀನೊ ಬಾರ್ತಾಲಿ 1948ರ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಈ ಗೇರಿನ ಸೈಕಲ್ ಏರಿಯೇ. ಮುಂದೆ ಕಂಪಾನ್ಯೋಲೊ ಎರಡೂ ಕೆಲಸಗಳನ್ನು ಒಂದೇ ಲಿವರ್‌ಗೆ ಒಪ್ಪಿಸಿದರು. 1950ರಲ್ಲಿ ಫೌಸ್ತೊ ಕೊಪ್ಪಿ ಪ್ಯಾರಿಸ್-ರೂಬೆ ಸ್ಪರ್ಧೆ ಗೆದ್ದ ಬಳಿಕ ಆ ಗೇರಿಗೆ ‘ಪ್ಯಾರಿಸ್-ರೂಬೆ’ ಎಂಬ ಹೆಸರೇ ನಿಂತಿತು. 1950ರ ದಶಕದ ಆರಂಭದಲ್ಲಿ ಅದೇ ಸಂಸ್ಥೆಯ ‘ಗ್ರಾನ್ ಸ್ಪೋರ್ಟ್’ ಬಂದಿತು. ಮುಂದಕ್ಕೆ ತುಳಿಯುತ್ತಲೇ ಗೇರು ಬದಲಿಸುವ ಅನುಕೂಲದೆದುರು ಕಾಂಬ್ಯೊ ಕೋರ್ಸಾ ತೆರೆಮರೆಗೆ ಸರಿಯಿತು.