ಖಾನಾಪುರದ ಕುಂಬಾರಿಕೆ

ಖಾನಾಪುರದ ಕುಂಬಾರಿಕೆ: ಬೆಳಗಾವಿ ಜಿಲ್ಲೆಯ ಖಾನಾಪುರ ಪಟ್ಟಣ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ನಡೆದುಬಂದಿರುವ, ಮೆರುಗು ಲೇಪಿಸದ ಕೆಂಪು ಮಣ್ಣಿನ ಪಾತ್ರೆಗಳ ಕೈಕಸುಬು. ಪಟ್ಟಣವು ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ದಂಡೆಯಲ್ಲಿದೆ. ಇಲ್ಲಿನ ಜೇಡಿಮಣ್ಣು ಮಡಕೆ, ಹೂಜಿಗಳಿಗಲ್ಲದೆ ಹೆಂಚು, ಇಟ್ಟಿಗೆಗಳಿಗೂ ಒದಗುತ್ತದೆ.

ಹದಮಾಡಿದ ಮಣ್ಣನ್ನು ತಿಗರಿಯ ಮೇಲೆ ಎತ್ತಿ ಬಾಯಿ, ಕೊರಳು ರೂಪಿಸುತ್ತಾರೆ. ದೊಡ್ಡ ಮಡಕೆಯಾದರೆ ಅರೆಹಸಿಯಿರುವಾಗ ಒಳಗಿನಿಂದ ಕಲ್ಲು ಆನಿಸಿ, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾರೆ. ಗೋಡೆ ತೆಳುವಾಗಿ ಹೊಟ್ಟೆ ಹಿಗ್ಗುತ್ತದೆ. ನೆರಳಿನಲ್ಲಿ ಒಣಗಿಸಿ ಆವಿಗೆಯಲ್ಲಿ ಸುಡುತ್ತಾರೆ. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನ ಕಬ್ಬಿಣದಂಶ ಕೆಂಪೇರುತ್ತದೆ, ಹೊಗೆ ಕಟ್ಟಿದರೆ ಕಪ್ಪಾಗುತ್ತದೆ. ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ಬೇಸಿಗೆಯ ಬೇಡಿಕೆಗೆ ಇದೇ ಕಾರಣ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಒಹಾಯೊ ರಾಜ್ಯದ ವೆಲ್ಲರ್ ಕಾರ್ಖಾನೆಯಲ್ಲಿ ಫ್ರೆಂಚ್ ಕುಶಲಕರ್ಮಿ ಜಾಕ್ ಸಿಕಾರ್ ತಯಾರಿಸಿದ, ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣುವ ಹೂದಾನಿಗಳು ಮೆರುಗಿಲ್ಲದ ಈ ಪಾತ್ರೆಗಳಿಗೆ ತದ್ವಿರುದ್ಧ. ಅವುಗಳ ನವಿಲುಗರಿಯಂಥ ಹೊಳಪು ಲೋಹಾಂಶ ಬೆರೆತ ಮೆರುಗಿನದು. ಖಾನಾಪುರದ ಮಡಕೆಗೆ ಮಣ್ಣಿನದೇ ಬಣ್ಣ. ಅದು ನೋಟಕ್ಕಿಂತ ಬಳಕೆಗೆ ಮಾಡಿದ್ದು.

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಖಾನಾಪುರದಲ್ಲಿದ್ದು, ಕಸುಬಿನ ತರಬೇತಿ ನೀಡುತ್ತದೆ. ನೀರಿನ ಮಡಕೆ, ಹೂಜಿ, ಹಣತೆ, ಹೂಕುಂಡಗಳು ಮುಖ್ಯ ತಯಾರಿಕೆಗಳು. ಬೆಳಗಾವಿ ನಗರ ಹತ್ತಿರದ ದೊಡ್ಡ ಮಾರುಕಟ್ಟೆ. ಜಿನುಗುವ ಗುಣದಿಂದಾಗಿ ಉಪ್ಪಿನಕಾಯಿಗೆ ಈ ಪಾತ್ರೆಗಳು ಒಗ್ಗುವುದಿಲ್ಲ. ಅದಕ್ಕೆ ಮೆರುಗಿನ ಭರಣಿಯೇ ಬೇಕು.