ತನ್ನ ವಿಷವನ್ನು ತಾನೇ ತಾಳುವ ಮಣ್ಣಿನ ಜೀವಿ: ಸ್ಟ್ರೆಪ್ಟೊಮೈಸಿನ್ ಚರಿತ್ರೆಯ ಒಂದು ಅಧ್ಯಾಯ

ಮುಂಗಾರಿನ ಮೊದಲ ಹನಿಗಳು ಒಣನೆಲಕ್ಕೆ ಬಿದ್ದೊಡನೆ ಏಳುವ ಮಣ್ಣಿನ ಕಂಪನ್ನು ಅರಿಯದವರಾರು? ಆ ಕಂಪಿಗೆ ಮುಖ್ಯ ಕಾರಣವಾದ ದ್ರವ್ಯವನ್ನು 1965ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳಾದ ಗರ್ಬರ್ ಮತ್ತು ಲೆಶವಲಿಯೇ ಬೇರ್ಪಡಿಸಿ, ಅದಕ್ಕೆ ಜಿಯೋಸ್ಮಿನ್ ಎಂದು ಹೆಸರಿಟ್ಟರು. ಅದನ್ನು ಉತ್ಪಾದಿಸುವ ಮಣ್ಣಿನ ಜೀವಿಗಳಲ್ಲಿ ಸ್ಟ್ರೆಪ್ಟೊಮೈಸಿಸ್ ಕುಲವು ಪ್ರಮುಖವಾದುದು. ಬೂಷ್ಟಿನಂತೆ ಎಳೆಎಳೆಯಾಗಿ ಹಬ್ಬಿದರೂ ಇದು ಬ್ಯಾಕ್ಟೀರಿಯಗಳ ವರ್ಗಕ್ಕೇ ಸೇರಿದುದು. ಪರಜೀವಿಗಳನ್ನು ಕೊಲ್ಲುವ ಅನೇಕ ಪ್ರತಿಜೀವಕಗಳ ತವರೂ ಇದೇ. ಇಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನೆರೆಯ ಬ್ಯಾಕ್ಟೀರಿಯವನ್ನು ಕೊಲ್ಲುವ ವಿಷವು ಅದನ್ನು ತಯಾರಿಸುವ ಬ್ಯಾಕ್ಟೀರಿಯವನ್ನೇ ಮೊದಲು ಕೊಲ್ಲಬೇಕಲ್ಲವೆ? ಭಸ್ಮಾಸುರನ ಕೈ ಅವನ ತಲೆಯ ಮೇಲೆಯೇ ಬಿದ್ದಿತು. ಈ ಜೀವಿಗೆ ಹಾಗೇಕೆ ಆಗಲಿಲ್ಲ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನೂ, ಆ ಉತ್ತರವು ವೈದ್ಯಲೋಕಕ್ಕೆ ನೀಡಿದ ಎಚ್ಚರಿಕೆಯನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಅದೇ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರು ದಶಕಗಳ ಕಾಲ ಮಣ್ಣಿನ ಸೂಕ್ಷ್ಮಜೀವಿಗಳ ಅಧ್ಯಯನ ನಡೆಸಿದರು. 1943ರ ಅಕ್ಟೋಬರಿನಲ್ಲಿ ಅವರ ಪ್ರಯೋಗಶಾಲೆಯ ತರುಣ ಸಂಶೋಧಕ ಆಲ್ಬರ್ಟ್ ಷಾಟ್ಸ್, ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ಎಂಬ ಜೀವಿಯ ಎರಡು ತಳಿಗಳಲ್ಲಿ ಹೊಸದೊಂದು ಪ್ರತಿಜೀವಕವನ್ನು ಕಂಡರು. ಒಂದು ತಳಿ ಗೊಬ್ಬರ ಹಾಕಿದ ಹೊಲದ ಮಣ್ಣಿನದು. ಇನ್ನೊಂದು ಕೋಳಿಯ ಗಂಟಲಿನಿಂದ ಬಂದುದು. 1944ರ ಜನವರಿಯಲ್ಲಿ ಷಾಟ್ಸ್, ಎಲಿಜಬೆತ್ ಬ್ಯೂಗಿ ಮತ್ತು ವಾಕ್ಸ್‌ಮನ್ ಅವರ ಹೆಸರಿನಲ್ಲಿ ಸ್ಟ್ರೆಪ್ಟೊಮೈಸಿನ್ನಿನ ವಾರ್ತೆ ಪ್ರಕಟವಾಯಿತು. ಪೆನಿಸಿಲಿನ್ನಿಗೆ ಬಗ್ಗದ ಕ್ಷಯದ ರೋಗಾಣುವೂ ಇದಕ್ಕೆ ಬಗ್ಗಿತು. ಶೋಧದ ಕೀರ್ತಿಯ ವಿಷಯದಲ್ಲಿ ಗುರುಶಿಷ್ಯರ ನಡುವೆ ವಿವಾದ ಹುಟ್ಟಿ, 1950ರಲ್ಲಿ ಅದು ನ್ಯಾಯಾಲಯವನ್ನೂ ಮುಟ್ಟಿತು. ರಾಜಿಯಲ್ಲಿ ಷಾಟ್ಸ್‌ರಿಗೆ ಸಹಶೋಧಕನೆಂಬ ಮನ್ನಣೆ ದೊರೆಯಿತಾದರೂ 1952ರ ನೊಬೆಲ್ ಪಾರಿತೋಷಕ ವಾಕ್ಸ್‌ಮನ್ ಒಬ್ಬರಿಗೇ ಸಂದಿತು.

ಆದರೆ ಈ ಔಷಧದ ಮಿತಿ ಬಹುಬೇಗ ಬೆಳಕಿಗೆ ಬಂದಿತು. 1948ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆಯಲ್ಲಿ ಔಷಧ ಪಡೆದ 55 ಕ್ಷಯರೋಗಿಗಳಲ್ಲಿ ಆರು ತಿಂಗಳೊಳಗೆ 4 ಜನ ತೀರಿಕೊಂಡರು. ಕೇವಲ ವಿಶ್ರಾಂತಿಯ ಚಿಕಿತ್ಸೆ ಪಡೆದ 52 ಜನರಲ್ಲಿ 14 ಜನ. ಇದು ವಿಜಯವೇ ಸರಿ. ಆದರೂ ಔಷಧ ಪಡೆದ ಅನೇಕರಲ್ಲಿ ರೋಗಾಣುಗಳು ಕೆಲವೇ ತಿಂಗಳಲ್ಲಿ ಔಷಧಕ್ಕೆ ಜಗ್ಗದಂತಾದವು. ಒಂದೇ ಔಷಧವನ್ನು ನೆಚ್ಚದೆ ಎರಡನ್ನು ಕೂಡಿಸಿ ಕೊಡಬೇಕೆಂಬ ನಿಯಮ ಹುಟ್ಟಿದ್ದು ಈ ಅನುಭವದಿಂದಲೇ. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯಚಿಕಿತ್ಸಾ ಕೇಂದ್ರವು ಈ ಜೋಡಿ ಔಷಧದ ತತ್ತ್ವವನ್ನನುಸರಿಸಿ, ಬಡ ರೋಗಿಗೆ ಮನೆಯಲ್ಲಿಯೇ ಕೊಟ್ಟ ಚಿಕಿತ್ಸೆಯೂ ಆರೋಗ್ಯಧಾಮದ ಚಿಕಿತ್ಸೆಯಷ್ಟೇ ಫಲಕಾರಿಯೆಂದು 1959ರಲ್ಲಿ ಜಗತ್ತಿಗೆ ತೋರಿಸಿಕೊಟ್ಟಿತು.

ಇನ್ನು ಈ ವಿಷವು ಕೊಲ್ಲುವ ಬಗೆ. ಪ್ರತಿಯೊಂದು ಜೀವಕೋಶದಲ್ಲಿಯೂ ರೈಬೋಸೋಮು ಎಂಬ ಅತಿಸೂಕ್ಷ್ಮ ಯಂತ್ರಗಳುಂಟು. ವಂಶವಾಹಿಯ ಆಜ್ಞಾಲೇಖವನ್ನು ಮೂರು ಮೂರು ಅಕ್ಷರಗಳಂತೆ ಓದುತ್ತ, ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿ ಪ್ರೋಟೀನನ್ನು ನೇಯುವುದು ಇವುಗಳ ಕೆಲಸ. ಸ್ಟ್ರೆಪ್ಟೊಮೈಸಿನ್ನಿನ ಗುರಿ ರೈಬೋಸೋಮೇ ಇರಬೇಕೆಂದು ಸ್ಪಾಟ್ಸ್ ಮತ್ತು ಸ್ಟೇನಿಯರ್ 1961ರಲ್ಲಿ ಊಹಿಸಿದರು. ಅದು ಯಂತ್ರಕ್ಕೆ ಅಂಟಿ, ಆಜ್ಞೆಯನ್ನು ತಪ್ಪಾಗಿ ಓದಿಸುತ್ತದೆಂದು 1964ರಲ್ಲಿ ಡೇವಿಸ್, ಗಿಲ್ಬರ್ಟ್ ಮತ್ತು ಗೊರೀನಿ ತೋರಿಸಿದರು. ತಪ್ಪು ಪ್ರೋಟೀನುಗಳು ತುಂಬಿಕೊಂಡ ಕೋಶ ಉಳಿಯಲಾರದು.

ಹೀಗಿರಲು, ವಿಷದ ಜನಕನಾದ ಗ್ರಿಸಿಯಸ್ಸಿನ ರೈಬೋಸೋಮು ವಿಶೇಷ ರೀತಿಯದಾಗಿರಬೇಕೆಂದು ವಾಚಕರು ಊಹಿಸಬಹುದು. ಅಚ್ಚರಿಯೆಂದರೆ ಅದು ಹಾಗಿಲ್ಲ. ಸ್ಟ್ರೆಪ್ಟೊಮೈಸಿನ್ ಅದಕ್ಕೂ ಮಾರಕವೇ. ರಕ್ಷಣೆ ಬೇರೆ ಕಡೆಯಿದೆ. 1969ರಲ್ಲಿ ಮಿಲ್ಲರ್ ಮತ್ತು ವಾಕರ್ ಈ ಜೀವಿಯ ಸಾರದಲ್ಲಿ ಒಂದು ಕಿಣ್ವವನ್ನು ಗುರುತಿಸಿದರು. ಆ ಕಿಣ್ವವು ವಿಷದ ಅಣುವಿಗೆ ಒಂದು ಫಾಸ್ಫೇಟನ್ನು ತೊಡಿಸುತ್ತದೆ. ಒರೆಯಲ್ಲಿಟ್ಟ ಕತ್ತಿಯಂತೆ ಆ ಅಣು ನಿರುಪದ್ರವಿಯಾಗುತ್ತದೆ. ಕೋಶದ ಹೊರಕ್ಕೆ ಬಂದ ಮೇಲೆಯೇ ಇನ್ನೊಂದು ಕಿಣ್ವವು ಫಾಸ್ಫೇಟನ್ನು ಕಳಚಿ ಕತ್ತಿಯನ್ನು ಹಿರಿಯುತ್ತದೆ. ಕಾಲದ ವಿಷಯದಲ್ಲಿಯೂ ಏರ್ಪಾಡು ಬಿಗಿಯಾದುದು. 1967ರಲ್ಲಿ ಸೋವಿಯತ್ ವಿಜ್ಞಾನಿ ಖೋಖ್ಲೊವ್ ಮತ್ತು ಸಂಗಡಿಗರು ಕಂಡುಹಿಡಿದ 'ಎ-ಅಂಶ'ವೆಂಬ ಸಂಕೇತದ್ರವ್ಯವು ವಿಷದ ತಯಾರಿಕೆಯನ್ನು ಎಬ್ಬಿಸುತ್ತದೆ. ಆ ತಯಾರಿಕೆಗೆ ಚಾಲನೆ ಕೊಡುವ ಜೀನೂ ರಕ್ಷಕ ಕಿಣ್ವದ ಜೀನೂ ಅಕ್ಕಪಕ್ಕದಲ್ಲಿದ್ದು, ಒಂದರೊಡನೆ ಇನ್ನೊಂದೂ ಎಚ್ಚರಗೊಳ್ಳುತ್ತದೆ. ಖಡ್ಗ ಸಿದ್ಧವಾಗುವ ವೇಳೆಗೆ ಕವಚವೂ ಸಿದ್ಧ.

ಎಲ್ಲ ಕುಲಬಾಂಧವರ ಉಪಾಯ ಒಂದೇ ಅಲ್ಲ. ಥಯೋಸ್ಟ್ರೆಪ್ಟನ್ ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಅಜೂರಿಯಸ್, ತನ್ನ ರೈಬೋಸೋಮಿನ ಆರ್.ಎನ್.ಎ. ಮೇಲೆ ಒಂದು ಮೀಥೈಲ್ ಗುಂಪನ್ನು ಕೂರಿಸಿ, ವಿಷವು ಅಂಟುವ ಸ್ಥಾನವನ್ನೇ ಮುಚ್ಚಿಬಿಡುತ್ತದೆಂದು ಇಂಗ್ಲೆಂಡಿನ ಕನ್‌ಡ್ಲಿಫ್ 1978ರಲ್ಲಿ ತಿಳಿಸಿದರು. ಎರಿತ್ರೊಮೈಸಿನ್ನಿನ ಜನಕಜೀವಿಯದೂ ಇಂಥದೇ ಹಾದಿ. ಇನ್ನು ಕೆಲವು ಜೀವಿಗಳು ವಿಷವನ್ನು ಪಂಪಿನಿಂದೆಂಬಂತೆ ಹೊರದೂಡುತ್ತವೆ. ಇವಲ್ಲದೆ ಬ್ಯಾಕ್ಟೀರಿಯಗಳಿಗೆ ಸಾಮಾನ್ಯವಾದ ಒಂದು ಆಪತ್ಕಾಲದ ವ್ಯವಸ್ಥೆಯೂ ಉಂಟು. ಲೇಖ ತುಂಡಾಗಿ ರೈಬೋಸೋಮು ನಡುದಾರಿಯಲ್ಲಿ ಸಿಕ್ಕಿಕೊಂಡಾಗ ವಿಶೇಷವಾದೊಂದು ಆರ್.ಎನ್.ಎ. ಒಳಹೊಕ್ಕು, ಅಪೂರ್ಣ ಪ್ರೋಟೀನಿಗೆ ನಾಶದ ಗುರುತು ಹಾಕಿ, ಯಂತ್ರವನ್ನು ಬಿಡಿಸುತ್ತದೆ. 1996ರಲ್ಲಿ ಕೈಲರ್, ವಾಲರ್ ಮತ್ತು ಸೌವರ್ ವಿವರಿಸಿದ ಈ ಏರ್ಪಾಡು ಸ್ಟ್ರೆಪ್ಟೊಮೈಸಿಸ್‌ಗಳಲ್ಲಿಯೂ ಇದೆ.

ಈ ಶೋಧಗಳ ನಡುವೆ, 1973ರಲ್ಲಿ, ಬೆನ್ವೆನಿಸ್ಟೆ ಮತ್ತು ಡೇವಿಸ್ ಒಂದು ಗಂಭೀರವಾದ ಸಂಗತಿಯನ್ನು ಮುಂದಿಟ್ಟರು. ಆಸ್ಪತ್ರೆಗಳಲ್ಲಿ ಔಷಧಕ್ಕೆ ಜಗ್ಗದೆ ನಿಂತ ಬ್ಯಾಕ್ಟೀರಿಯಗಳ ಕಿಣ್ವಗಳಿಗೂ ಮಣ್ಣಿನ ಈ ಜೀವಿಗಳ ರಕ್ಷಕ ಕಿಣ್ವಗಳಿಗೂ ನಿಕಟ ಸಾಮ್ಯವಿದೆಯೆಂಬುದೇ ಅದು. ಬ್ಯಾಕ್ಟೀರಿಯಗಳು ತಮ್ಮ ಜೀನುಗಳನ್ನು ಪರಸ್ಪರ ಹಂಚಿಕೊಳ್ಳಬಲ್ಲವು. ಆದುದರಿಂದ ಮಣ್ಣಿನ ಕವಚವೇ ಕೈಯಿಂದ ಕೈಗೆ ದಾಟಿ ರೋಗಾಣುವಿನ ಮೈಗೆ ಬಂದಿರಬಹುದೆಂದು ಅವರು ಸೂಚಿಸಿದರು. ಕ್ಷಯದ ರೋಗಾಣುವಿನ ಮಾತು ಬೇರೆ. ಅದು ಕವಚವನ್ನು ಎರವಲು ತರುವುದಿಲ್ಲ. ತನ್ನ ರೈಬೋಸೋಮಿನ ಜೀನುಗಳಲ್ಲಿಯೇ ಆಕಸ್ಮಿಕವಾಗಿ ಉಂಟಾದ ಬದಲಾವಣೆಯಿಂದ ಪಾರಾಗುತ್ತದೆ. ಈ ಎರಡು ಹಾದಿಗಳನ್ನು ಬೆರೆಸಿ ತಿಳಿಯಬಾರದು.

ಪ್ರತಿಜೀವಕಗಳ ಯುಗ 1940ರ ದಶಕದಲ್ಲಿ ಆರಂಭವಾಯಿತೆಂದೂ, ಪ್ರತಿರೋಧವು ಅನಂತರ ಬಂದ ಅನಿಷ್ಟವೆಂದೂ ಹೇಳುವ ರೂಢಿಯುಂಟು. ಮಣ್ಣಿನ ಚರಿತ್ರೆ ಇದನ್ನು ಒಪ್ಪುವುದಿಲ್ಲ. ವಿಷ ಹುಟ್ಟಿದ ಮನೆಯಲ್ಲಿಯೇ ಅದಕ್ಕೆ ಪ್ರತಿಕಾರವೂ ಹುಟ್ಟಿರಲೇಬೇಕು. ಇಲ್ಲವಾದರೆ ವಿಷವನ್ನು ಮಾಡುವ ಜೀವಿಯೇ ಉಳಿಯುತ್ತಿರಲಿಲ್ಲ. ನಾವು ಮಣ್ಣಿನಿಂದ ಖಡ್ಗವನ್ನು ಮಾತ್ರ ಎತ್ತಿಕೊಂಡೆವು. ಕವಚ ಅಲ್ಲಿಯೇ ಉಳಿಯಿತೆಂದು ಭಾವಿಸಿದೆವು. ಸಣ್ಣ ನೆಗಡಿಗೂ ಈ ಔಷಧಗಳನ್ನು ನುಂಗುವಾಗ, ಅಥವಾ ವೈದ್ಯರು ಹೇಳಿದ ಅವಧಿ ಮುಗಿಯುವ ಮೊದಲೇ ಕ್ಷಯದ ಚಿಕಿತ್ಸೆಯನ್ನು ಬಿಡುವಾಗ, ಪಾರಾಗುವ ಹಾದಿಯನ್ನು ಬಲ್ಲ ರೋಗಾಣುಗಳನ್ನೇ ನಾವು ಆರಿಸಿ ಬೆಳೆಸುತ್ತೇವೆ. ಮಣ್ಣಿನ ಜೀವಿಯಾದರೋ ತನ್ನ ವಿಷವನ್ನು ಬೇಕಾದ ಹೊತ್ತಿಗೆ ಮಾತ್ರ, ಕಾವಲಿನೊಡನೆ ಹೊರತೆಗೆಯುತ್ತದೆ. ಆ ಮಿತವ್ಯಯವನ್ನು ಅದರಿಂದ ಕಲಿಯುವುದು ಇನ್ನೂ ಉಳಿದಿದೆ.