ಟೆಂಪ್ ಫೋಲ್ಡರ್ ಎಲ್ಲಿದೆ?

ವಿಂಡೋಸ್ ಕಂಪ್ಯೂಟರಿನಲ್ಲಿ ರಿಜಿಸ್ಟ್ರಿ ಎಡಿಟರ್ ತೆರೆದು, ಎಕ್ಸ್‌ಪ್ಲೋರರ್‌ನ ಕೆಳಗಿರುವ ‘ಶೆಲ್ ಫೋಲ್ಡರ್ಸ್’ ಎಂಬ ಕೀಯನ್ನು ನೋಡಿದರೆ ಪಟ್ಟಿಯ ತಲೆಯಲ್ಲೇ ಒಂದು ಎಚ್ಚರಿಕೆ ಕಾಣುತ್ತದೆ: ಈ ಕೀಯನ್ನು ಬಳಸಬೇಡಿ. ಬದಲಿಗೆ ಯಾವ ಫಂಕ್ಷನ್ ಕರೆಯಬೇಕು ಎಂಬುದನ್ನೂ ಅದರ ಪಕ್ಕದಲ್ಲೇ ಬರೆದಿಟ್ಟಿದ್ದಾರೆ. ಕೆಳಗೆ ಮಾತ್ರ ಡೆಸ್ಕ್‌ಟಾಪ್, ಫಾಂಟ್ಸ್, ಪರ್ಸನಲ್ ಎಂದು ಒಂದೊಂದು ಫೋಲ್ಡರಿನ ಪೂರ್ತಿ ವಿಳಾಸವೂ ಸಾಲಾಗಿ ಇದೆ.

ಮುಟ್ಟಬಾರದ ಈ ಪಟ್ಟಿ ಯಾಕೆ ಉಳಿದುಕೊಂಡಿತು ಎಂಬುದನ್ನು ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ ವಿವರವಾಗಿ ಬರೆದಿದ್ದಾರೆ. ವಿಂಡೋಸ್ 95 ಇನ್ನೂ ತಯಾರಾಗುತ್ತಿದ್ದಾಗ ವಿಶೇಷ ಫೋಲ್ಡರುಗಳ ವಿಳಾಸವನ್ನು ಪ್ರೋಗ್ರಾಂಗಳು ಈ ಕೀಯಿಂದ ಓದಿಕೊಳ್ಳಲಿ ಎಂಬ ಯೋಚನೆ ಇತ್ತು. ಆಮೇಲೆ ಅದನ್ನು ಕೈಬಿಟ್ಟು, ವಿಳಾಸ ಕೇಳಲೆಂದೇ ಒಂದು ಫಂಕ್ಷನ್ ಕೊಟ್ಟರು. ಅಷ್ಟರಲ್ಲಿ, 1994ರಲ್ಲೇ, ನಾಲ್ಕು ಪ್ರೋಗ್ರಾಂಗಳು ಹಳೆಯ ದಾರಿಯನ್ನು ನಂಬಿ ಬರೆಯಲ್ಪಟ್ಟಿದ್ದವು. ಅವು ಕೆಟ್ಟುಹೋಗದಿರಲಿ ಎಂದು ಕೀಯನ್ನು ಉಳಿಸಿದರು. ಉಳಿದದ್ದನ್ನು ಇತರರು ಕಂಡುಕೊಂಡರು. ಫಂಕ್ಷನ್ ಕರೆಯುವುದಕ್ಕಿಂತ ರಿಜಿಸ್ಟ್ರಿ ಓದುವುದು ಸುಲಭವೆನಿಸಿ ಮತ್ತಷ್ಟು ಪ್ರೋಗ್ರಾಂಗಳು ಅದಕ್ಕೆ ಜೋತುಬಿದ್ದವು. ಈಗ ಅದನ್ನು ಅಳಿಸುವ ಹಾಗಿಲ್ಲ.

ಡೆಸ್ಕ್‌ಟಾಪ್ ತಂತ್ರಾಂಶದ ಚರಿತ್ರೆಯಲ್ಲಿ ಇಂಥ ಘಟನೆ ಇದೊಂದೇ ಅಲ್ಲ. ಸಿಸ್ಟಮ್ ಫೋಲ್ಡರ್ ಎಲ್ಲಿದೆ, ತಾತ್ಕಾಲಿಕ ಫೈಲುಗಳನ್ನು ಎಲ್ಲಿಡಬೇಕು ಎಂದು ಪ್ರೋಗ್ರಾಂ ಕೇಳಿ ತಿಳಿಯಬೇಕು. ಕೇಳದೆ ಊಹಿಸಿಕೊಂಡ ಪ್ರೋಗ್ರಾಂಗಳೇ ಹೆಚ್ಚು. ಆ ಊಹೆಗಳು ಬೇರೂರಿ, ಕಡೆಗೆ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವವರೇ ಅವುಗಳಿಗೆ ತಲೆಬಾಗಬೇಕಾಯಿತು.

ತಾತ್ಕಾಲಿಕ ಫೈಲು ಹುಟ್ಟಿದ್ದು ಮೆಮೊರಿಯ ಬಡತನದಲ್ಲಿ. 1971ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಕಟ್ಟುತ್ತಿದ್ದ ಪಿಡಿಪಿ-11 ಯಂತ್ರದಲ್ಲಿ ಇದ್ದ ಮೆಮೊರಿ 24 ಕಿಲೋಬೈಟ್. ಅದರಲ್ಲಿ 16 ಸಿಸ್ಟಮ್ಮಿಗೆ ಹೋದರೆ ಬಳಕೆದಾರರ ಪ್ರೋಗ್ರಾಮಿಗೆ ಉಳಿಯುತ್ತಿದ್ದದ್ದು 8. ಡಿಸ್ಕ್ ಅರ್ಧ ಮೆಗಾಬೈಟ್. ಒಂದು ದೊಡ್ಡ ಪಠ್ಯವನ್ನು ತಿದ್ದಬೇಕೆಂದರೆ ಅದು ಮೆಮೊರಿಯಲ್ಲಿ ಹಿಡಿಸುವುದೇ ಇಲ್ಲ. ಹಾಗಾಗಿ ‘ಎಡ್’ ಎಂಬ ಎಡಿಟರ್ ಪಠ್ಯವನ್ನು ಟಿಎಂಪಿ ಎಂಬ ಡೈರೆಕ್ಟರಿಯ ಒಂದು ಫೈಲಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಿತ್ತು. ಕಂಪೈಲರ್ ಕೂಡ ಒಂದು ಹಂತದ ಫಲವನ್ನು ಅಲ್ಲಿಟ್ಟು ಮುಂದಿನ ಹಂತಕ್ಕೆ ಎತ್ತಿಕೊಳ್ಳುತ್ತಿತ್ತು. ಡಿಸ್ಕುಗಳೂ ಬೇಗ ತುಂಬುತ್ತಿದ್ದವು. ಮೊದಲ ಡಿಸ್ಕಿನಲ್ಲಿ ಜಾಗ ಸಾಲದಾದಾಗ ಸಿಸ್ಟಮ್ ಪ್ರೋಗ್ರಾಂಗಳು ಬಳಕೆದಾರರ ಫೈಲುಗಳಿದ್ದ ‘ಯುಎಸ್‌ಆರ್’ ಡಿಸ್ಕಿಗೆ ಹರಿದುಬಂದವು. ಬಳಕೆದಾರರು ಮುಂದೆ ‘ಹೋಮ್’ ಎಂಬ ಬೇರೆ ಜಾಗಕ್ಕೆ ಹೋದರೂ ಯುಎಸ್‌ಆರ್ ಹೆಸರು ಸಿಸ್ಟಮ್ ಪ್ರೋಗ್ರಾಂಗಳಿಗೇ ಅಂಟಿಕೊಂಡಿತು. ಇಂದಿನ ಲಿನಕ್ಸ್‌ನಲ್ಲೂ ಹಾಗೇ ಇದೆ.

ಟಿಎಂಪಿ ಎಲ್ಲರಿಗೂ ಸೇರಿದ ಜಾಗ. ಯಾರು ಬೇಕಾದರೂ ಬರೆಯಬಹುದು; ಬಹುಕಾಲದವರೆಗೆ, ಯಾರ ಫೈಲನ್ನು ಬೇಕಾದರೂ ಯಾರು ಬೇಕಾದರೂ ಅಳಿಸಬಹುದಿತ್ತು. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ 4.3 ಬಿಎಸ್‌ಡಿ ಇದಕ್ಕೊಂದು ಬೀಗ ಹಾಕಿತು. ಬೇರಾವುದೋ ಕೆಲಸಕ್ಕೆಂದು ಮೊದಲೇ ಇದ್ದ ‘ಸ್ಟಿಕಿ ಬಿಟ್’ ಎಂಬ ಗುರುತಿಗೆ ಡೈರೆಕ್ಟರಿಗಳ ವಿಷಯದಲ್ಲಿ ಹೊಸ ಅರ್ಥ ಕೊಟ್ಟರು: ಇಲ್ಲಿ ಫೈಲಿನ ಒಡೆಯ, ಡೈರೆಕ್ಟರಿಯ ಒಡೆಯ, ಇಲ್ಲವೇ ಸೂಪರ್‌ಯೂಸರ್ ಮಾತ್ರ ಅಳಿಸಬಹುದು. ಲಿನಕ್ಸ್‌ನಲ್ಲಿ ಟಿಎಂಪಿಯ ಅನುಮತಿ ಸಾಲಿನ ಕೊನೆಗೆ ಕಾಣುವ ಇಂಗ್ಲಿಷಿನ ‘ಟಿ’ ಅಕ್ಷರ ಅದೇ.

ಅಷ್ಟಾದರೂ ಇನ್ನೊಂದು ತೂತು ಉಳಿದಿತ್ತು. ಸಿ ಭಾಷೆಯ ‘ಟಿಎಂಪಿನ್ಯಾಮ್’ ಫಂಕ್ಷನ್ ಯಾರೂ ಬಳಸದ ಒಂದು ಹೆಸರನ್ನು ಹುಡುಕಿ ಕೊಡುತ್ತಿತ್ತು, ಫೈಲನ್ನು ಸೃಷ್ಟಿಸುತ್ತಿರಲಿಲ್ಲ. ಹೆಸರು ಸಿಕ್ಕ ಕ್ಷಣಕ್ಕೂ ಫೈಲು ತೆರೆಯುವ ಕ್ಷಣಕ್ಕೂ ನಡುವೆ ಕಣ್ಣೆವೆ ಮುಚ್ಚುವಷ್ಟು ಹೊತ್ತು. ಆ ಹೊತ್ತಿನಲ್ಲಿ ಕಿಡಿಗೇಡಿಯೊಬ್ಬ ಅದೇ ಹೆಸರಿನಲ್ಲಿ ಪಾಸ್‌ವರ್ಡ್ ಫೈಲಿನ ಕಡೆಗೆ ಬೊಟ್ಟು ಮಾಡುವ ಒಂದು ಲಿಂಕನ್ನು ಇಟ್ಟುಬಿಟ್ಟರೆ, ಪ್ರೋಗ್ರಾಂ ತನಗರಿವಿಲ್ಲದೆ ಪಾಸ್‌ವರ್ಡ್ ಫೈಲಿನ ಮೇಲೆಯೇ ಬರೆಯುತ್ತದೆ. ಹೆಸರು ಹುಡುಕುವುದು, ಫೈಲು ತೆರೆಯುವುದು ಎರಡನ್ನೂ ಒಂದೇ ಏಟಿಗೆ ಮಾಡುವ ‘ಎಂಕೆಎಸ್‌ಟೆಂಪ್’ ಬಂದದ್ದು ಇದಕ್ಕಾಗಿ. ಇಂದು ಲಿನಕ್ಸ್‌ನಲ್ಲಿ ಟಿಎಂಪಿನ್ಯಾಮ್ ಬಳಸಿದ ಕೋಡನ್ನು ಜೋಡಿಸುವಾಗ ಲಿಂಕರ್ ತಾನಾಗಿಯೇ ‘ಇದು ಅಪಾಯಕಾರಿ’ ಎಂದು ಎಚ್ಚರಿಸುತ್ತದೆ.

ಡಾಸ್‌ನ ಕಥೆ ಬೇರೆ. 1981ರ ಮೊದಲ ಆವೃತ್ತಿಯಲ್ಲಿ ಡೈರೆಕ್ಟರಿಗಳೇ ಇರಲಿಲ್ಲ. 1983ರ ಎರಡನೇ ಆವೃತ್ತಿಯಲ್ಲಿ ಅವು ಬಂದವು, ಒಂದು ಪ್ರೋಗ್ರಾಮಿನ ಫಲಿತಾಂಶವನ್ನು ಇನ್ನೊಂದಕ್ಕೆ ಹರಿಸುವ ‘ಪೈಪ್’ ಕೂಡ ಬಂತು. ಆದರೆ ಡಾಸ್ ಒಮ್ಮೆಗೆ ಒಂದೇ ಪ್ರೋಗ್ರಾಂ ಓಡಿಸಬಲ್ಲದು. ಅದಕ್ಕೇ ಮೊದಲನೆಯದರ ಫಲಿತಾಂಶವನ್ನೆಲ್ಲ ಡಿಸ್ಕಿನ ತಾತ್ಕಾಲಿಕ ಫೈಲಿನಲ್ಲಿಟ್ಟು, ಆಮೇಲೆ ಎರಡನೆಯದಕ್ಕೆ ಓದಿಸುತ್ತಿತ್ತು. ಆ ಫೈಲು ಎಲ್ಲಿರಬೇಕು? ಇದಕ್ಕೆ ‘ಟೆಂಪ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಬಳಕೆಗೆ ಬಂತು. ಕೆಲವು ಪ್ರೋಗ್ರಾಂಗಳು ‘ಟಿಎಂಪಿ’ ಎಂಬ ಹೆಸರನ್ನು ಹುಡುಕಿದವು, ಕೆಲವು ‘ಟೆಂಪ್’ ಅನ್ನು. ಯಾವುದು ಸರಿ ಎಂದು ಯಾರೂ ತೀರ್ಮಾನ ಕೊಡದ ಕಾರಣ ಎರಡನ್ನೂ ಇಟ್ಟುಕೊಳ್ಳುವುದು ರೂಢಿಯಾಯಿತು. ವಿಂಡೋಸ್‌ನ ‘ಗೆಟ್‌ಟೆಂಪ್‌ಪಾತ್’ ಇಂದಿಗೂ ಮೊದಲು ಟಿಎಂಪಿ ನೋಡುತ್ತದೆ, ಇಲ್ಲದಿದ್ದರೆ ಟೆಂಪ್, ಅದೂ ಇಲ್ಲದಿದ್ದರೆ ಬಳಕೆದಾರರ ಪ್ರೊಫೈಲ್ ಫೋಲ್ಡರ್, ಕೊನೆಗೆ ವಿಂಡೋಸ್ ಫೋಲ್ಡರ್.

ಸಿಸ್ಟಮ್ ಫೋಲ್ಡರಿನ ಊಹೆಯಂತೂ ಇನ್ನೂ ದುಬಾರಿಯಾಯಿತು. ವಿಂಡೋಸ್ 3.1ರಲ್ಲಿ ಅದು ಸಿ:\ವಿಂಡೋಸ್\ಸಿಸ್ಟಮ್. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲಿ ಸಿ:\ವಿನ್‌ಎನ್‌ಟಿ\ಸಿಸ್ಟಮ್32. ಎಕ್ಸ್‌ಪಿ ಕಾಲಕ್ಕೆ ವಿನ್‌ಎನ್‌ಟಿ ಹೋಗಿ ಮತ್ತೆ ವಿಂಡೋಸ್ ಬಂತು. ‘ಗೆಟ್‌ಸಿಸ್ಟಮ್‌ಡೈರೆಕ್ಟರಿ’ ಎಂಬ ಫಂಕ್ಷನ್ ಕರೆದವರಿಗೆ ಇದ್ಯಾವುದರ ಬಿಸಿಯೂ ತಟ್ಟಲಿಲ್ಲ. ಆದರೆ ‘ಸಿಸ್ಟಮ್32’ ಎಂದು ಕೋಡಿನೊಳಗೇ ಬರೆದಿಟ್ಟವರ ಸಂಖ್ಯೆ ಎಷ್ಟು ಬೆಳೆದಿತ್ತೆಂದರೆ, 64 ಬಿಟ್ ವಿಂಡೋಸ್ ಬಂದಾಗಲೂ ಆ ಹೆಸರನ್ನು ಬದಲಿಸಲಾಗಲಿಲ್ಲ. ಇಂದು 64 ಬಿಟ್ ಫೈಲುಗಳಿರುವುದು ‘ಸಿಸ್ಟಮ್32’ರಲ್ಲಿ, 32 ಬಿಟ್ ಫೈಲುಗಳಿರುವುದು ‘ಸಿಸ್‌ವಾವ್64’ರಲ್ಲಿ! ಹೊಸಬರನ್ನು ದಿಕ್ಕುತಪ್ಪಿಸುವ ಈ ಅದಲುಬದಲು ಅಷ್ಟಕ್ಕೇ ನಿಲ್ಲಲಿಲ್ಲ. 32 ಬಿಟ್ ಪ್ರೋಗ್ರಾಂ ಸಿಸ್ಟಮ್32ರ ಬಾಗಿಲು ತಟ್ಟಿದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64ಕ್ಕೆ ತಿರುಗಿಸುತ್ತದೆ. ನಿಜವಾದ ಸಿಸ್ಟಮ್32 ಬೇಕೆನ್ನುವ 32 ಬಿಟ್ ಪ್ರೋಗ್ರಾಮಿಗೆ ವಿಸ್ತಾದಿಂದೀಚೆಗೆ ‘ಸಿಸ್‌ನೇಟಿವ್’ ಎಂಬ ಮೂರನೆಯ ಹೆಸರಿದೆ.

ವಿಂಡೋಸ್ 95 ತಂದ ‘ಪ್ರೋಗ್ರಾಂ ಫೈಲ್ಸ್’ ಹೆಸರಿನ ನಡುವೆ ಒಂದು ಖಾಲಿ ಜಾಗವಿತ್ತು. ಅದೊಂದರಿಂದಲೇ ಎಷ್ಟೋ ಹಳೆಯ ಕೋಡು ಮುಗ್ಗರಿಸಿತು. ಎಕ್ಸ್‌ಪಿಯಲ್ಲಿ ಟೆಂಪ್ ಎಲ್ಲಿದೆ ಎಂದು ಕೇಳಿದವರಿಗೆ ‘ಸಿ:\ಡಾಕ್ಯುಮ್~1\ಅಡ್ಮಿನಿ~1\ಲೋಕಲ್ಸ್~1\ಟೆಂಪ್’ ಎಂಬ ವಿಚಿತ್ರ ಉತ್ತರ ಬರುತ್ತಿದ್ದದ್ದು ನೆನಪಿರಬಹುದು. ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಎಂಬ ಉದ್ದನೆಯ ಹೆಸರಿನ ಖಾಲಿ ಜಾಗಗಳನ್ನು ಸಹಿಸದ ಪ್ರೋಗ್ರಾಂಗಳಿಗಾಗಿ ಎಂಟಕ್ಷರದ ಹಳೆಯ ಡಾಸ್ ಹೆಸರನ್ನೇ ಕೊಡಬೇಕಾಗಿತ್ತು.

ಆ್ಯಪಲ್ ಕೂಡ ಖಾಲಿ ಜಾಗದ ಏಟು ತಿಂದಿದೆ. 2001ರ ನವೆಂಬರಿನಲ್ಲಿ ಮ್ಯಾಕ್ ಓಎಸ್ ಟೆನ್‌ಗೆ ಬಂದ ಐಟ್ಯೂನ್ಸ್ 2.0ರ ಇನ್‌ಸ್ಟಾಲರ್, ಹಳೆಯ ಆವೃತ್ತಿಯನ್ನು ಅಳಿಸುವ ಆದೇಶದಲ್ಲಿ ಫೋಲ್ಡರಿನ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿರಲಿಲ್ಲ. ಡಿಸ್ಕಿನ ಹೆಸರಿನಲ್ಲಿ ಖಾಲಿ ಜಾಗವಿದ್ದವರ ಯಂತ್ರದಲ್ಲಿ ಆ ವಿಳಾಸ ಎರಡು ತುಂಡಾಯಿತು. ಮೊದಲ ತುಂಡು ಇನ್ನೊಂದು ಡಿಸ್ಕಿನ ಹೆಸರಿಗೆ ಹೊಂದಿದರೆ ಆ ಡಿಸ್ಕು ಪೂರ್ತಿ ಖಾಲಿ. ಆ್ಯಪಲ್ ಅದನ್ನು ಕೂಡಲೇ ಹಿಂದಕ್ಕೆ ಪಡೆದು 2.0.1 ಬಿಡುಗಡೆ ಮಾಡಿತು. 2015ರ ಜನವರಿಯಲ್ಲಿ ಲಿನಕ್ಸ್‌ನ ಸ್ಟೀಮ್ ಆಟದ ತಂತ್ರಾಂಶದಲ್ಲಿ ಬೆಳಕಿಗೆ ಬಂದದ್ದು ಇದರ ತಮ್ಮ. ತಾನಿರುವ ಫೋಲ್ಡರ್ ಯಾವುದೆಂದು ಸ್ಕ್ರಿಪ್ಟು ಕಂಡುಕೊಳ್ಳಲಾಗದೆ ವಿಳಾಸ ಖಾಲಿಯಾಗಿ ಉಳಿದಾಗ, ‘ಈ ವಿಳಾಸದ ಕೆಳಗಿರುವುದನ್ನೆಲ್ಲ ಅಳಿಸು’ ಎಂಬ ಆದೇಶ ‘ಡಿಸ್ಕಿನ ಬುಡದಿಂದ ಎಲ್ಲವನ್ನೂ ಅಳಿಸು’ ಎಂದಾಯಿತು. ಆ ಸಾಲಿನ ಮೇಲೆ ಬರೆದವರೇ ‘ಭಯವಾಗುತ್ತದೆ’ ಎಂಬರ್ಥದ ಟಿಪ್ಪಣಿ ಹಾಕಿದ್ದರು. ಭಯವಾದಲ್ಲೇ ನಿಂತು, ವಿಳಾಸ ಖಾಲಿಯಿದೆಯೇ ಎಂದು ಪರೀಕ್ಷಿಸುವ ಒಂದು ಸಾಲು ಸೇರಿಸಿದ್ದರೆ ಬಳಕೆದಾರರ ಫೈಲುಗಳು ಉಳಿಯುತ್ತಿದ್ದವು.

ತಾತ್ಕಾಲಿಕವೆಂದು ಇಟ್ಟದ್ದನ್ನು ತೆಗೆಯದೆ ಹೋಗುವುದೂ ಹಳೆಯ ಚಾಳಿ. ವಿಂಡೋಸ್‌ನ ‘ಗೆಟ್‌ಟೆಂಪ್‌ಫೈಲ್‌ನೇಮ್’ ಕೊಡುವ ಹೆಸರಿನಲ್ಲಿ ಪ್ರೋಗ್ರಾಂ ಸೂಚಿಸಿದ ಮೂರಕ್ಷರ, ಆಮೇಲೆ ಹೆಕ್ಸ್ ಲೆಕ್ಕದ ನಾಲ್ಕು ಅಂಕಿಯವರೆಗೆ ಒಂದು ಸಂಖ್ಯೆ, ಕೊನೆಗೆ ಟಿಎಂಪಿ. ನಾಲ್ಕು ಹೆಕ್ಸ್ ಅಂಕಿಯಲ್ಲಿ ಸೊನ್ನೆ ಬಿಟ್ಟರೆ ಹಿಡಿಸುವುದು 65,535 ಹೆಸರು. ವರ್ಷಗಟ್ಟಲೆ ಓಡುವ ಸರ್ವರಿನಲ್ಲಿ ಯಾರೋ ಫೈಲು ಅಳಿಸುವ ಸಾಲು ಬರೆಯುವುದನ್ನು ಮರೆತರೆ, ಒಂದು ದಿನ ಆ ಸಂಖ್ಯೆ ತುಂಬುತ್ತದೆ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿದ್ದರೂ ‘ಫೈಲು ಆಗಲೇ ಇದೆ’ ಎಂಬ ದೋಷ ಬರುತ್ತದೆ. ಕಾರಣ ಗೊತ್ತಿಲ್ಲದವರು ಇದನ್ನು ಹುಡುಕುತ್ತ ರಾತ್ರಿಗಳನ್ನು ಕಳೆಯುತ್ತಾರೆ.

ಕೇಳುವ ದಾರಿ ಮೊದಲಿನಿಂದಲೂ ಇತ್ತು ಎಂಬುದೇ ಇದರಲ್ಲಿ ಬೇಸರದ ಸಂಗತಿ. 1991ರ ಮ್ಯಾಕ್ ಸಿಸ್ಟಮ್ 7ರಲ್ಲೇ ‘ಫೈಂಡ್‌ಫೋಲ್ಡರ್’ ಇತ್ತು. ನಾಲ್ಕಕ್ಷರದ ಸಂಕೇತ ಕೊಟ್ಟರೆ, ಆ ಮ್ಯಾಕ್ ಯಾವ ಭಾಷೆಯದಾದರೂ ಸರಿ, ಫೋಲ್ಡರನ್ನು ಹುಡುಕಿ ಕೊಡುತ್ತಿತ್ತು. ಭಾಷೆಯ ವಿಷಯದಲ್ಲಿ ವಿಂಡೋಸ್ ಎಡವಿದ್ದೇ ಹೆಚ್ಚು. ಜರ್ಮನ್ ಎಕ್ಸ್‌ಪಿಯಲ್ಲಿ ಪ್ರೋಗ್ರಾಂ ಫೈಲ್ಸ್ ಇರಲೇ ಇಲ್ಲ, ‘ಪ್ರೋಗ್ರಾಮ್ಮೆ’ ಇತ್ತು. ಇಂಗ್ಲಿಷ್ ಹೆಸರನ್ನು ನಂಬಿದ ಇನ್‌ಸ್ಟಾಲರುಗಳು ಅಲ್ಲಿ ಹೊಸದೊಂದು ಫೋಲ್ಡರ್ ಮಾಡಿಕೊಂಡು ಕೂರುತ್ತಿದ್ದವು. ವಿಸ್ತಾ ಕಾಲಕ್ಕೆ ಮೈಕ್ರೋಸಾಫ್ಟ್ ಸೋಲೊಪ್ಪಿ, ಡಿಸ್ಕಿನಲ್ಲಿ ಎಲ್ಲ ಭಾಷೆಗೂ ಇಂಗ್ಲಿಷ್ ಹೆಸರನ್ನೇ ಇಟ್ಟು, ತೆರೆಯ ಮೇಲೆ ಮಾತ್ರ ಆಯಾ ಭಾಷೆಯ ಹೆಸರು ತೋರಿಸತೊಡಗಿತು.

ಕನ್ನಡದ ಬಳಕೆದಾರರಿಗೆ ಈ ಚರಿತ್ರೆ ನೇರವಾಗಿ ತಟ್ಟುವುದು ಇಲ್ಲಿಂದ. 1990ರ ದಶಕದ ಕೊನೆಯಲ್ಲಿ ಬೆಂಗಳೂರು, ಮೈಸೂರಿನ ತರಬೇತಿ ಕೇಂದ್ರಗಳಲ್ಲಿ ವಿಷುವಲ್ ಬೇಸಿಕ್ 6 ಕಲಿತವರಿಗೆ ಟೆಂಪ್ ಫೋಲ್ಡರ್ ಹುಡುಕುವ ಕೋಡು ಪರಿಚಿತ: ಕರ್ನಲ್32ರಿಂದ ಗೆಟ್‌ಟೆಂಪ್‌ಪಾತ್ ಅನ್ನು ಡಿಕ್ಲೇರ್ ಮಾಡುವುದು, 255 ಖಾಲಿ ಜಾಗಗಳಿಂದ ಒಂದು ಸ್ಟ್ರಿಂಗ್ ತುಂಬಿ ಕೊಡುವುದು, ಫಂಕ್ಷನ್ ಹಿಂತಿರುಗಿಸಿದ ಉದ್ದಕ್ಕೆ ಸರಿಯಾಗಿ ಎಡಗಡೆಯಿಂದ ಕತ್ತರಿಸಿಕೊಳ್ಳುವುದು. ಆ ಡಿಕ್ಲೇರ್ ಸಾಲಿನಲ್ಲಿ ಫಂಕ್ಷನ್ನಿನ ನಿಜವಾದ ಹೆಸರಿನ ಕೊನೆಗೆ ಒಂದು ‘ಎ’ ಇರುತ್ತಿತ್ತು. ಆನ್ಸಿ ಎಂಬುದರ ಎ. ಯುನಿಕೋಡ್ ಬೇಕಾದವರಿಗೆ ‘ಡಬ್ಲ್ಯು’ ಎಂದು ಕೊನೆಗೊಳ್ಳುವ ಜೋಡಿ ಫಂಕ್ಷನ್ ಇದೆ.

ವಿಂಡೋಸ್‌ನಲ್ಲಿ ಯುರೋಪಿನ ಭಾಷೆಗಳಿಗೆ, ಜಪಾನಿಗೆ, ಥಾಯ್‌ಗೆ ಆನ್ಸಿ ಕೋಡ್ ಪೇಜ್ ಇದೆ. ಕನ್ನಡಕ್ಕೆ ಇಲ್ಲ. ನುಡಿ, ಬರಹದಂಥ ತಂತ್ರಾಂಶಗಳು ಮೊದಲ ದಿನಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ನಡೆಸಿದ್ದು ಅದಕ್ಕೇ. 2001ರಲ್ಲಿ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಕನ್ನಡವನ್ನು ತಂದಾಗ ಅದು ಬಂದದ್ದು ಬರೀ ಯುನಿಕೋಡ್ ಮೂಲಕ. ಹೀಗಾಗಿ ‘ಶಾರದಾ’ ಎಂದು ಕನ್ನಡದಲ್ಲಿ ಖಾತೆ ತೆರೆದವರ ಟೆಂಪ್ ಫೋಲ್ಡರ್ ಸಿ:\ಯೂಸರ್ಸ್\ಶಾರದಾ ಎಂಬುದರ ಕೆಳಗೆ ಬರುತ್ತದೆ. ಎ ಫಂಕ್ಷನ್ ಕರೆದ ಪ್ರೋಗ್ರಾಮಿಗೆ ಆ ಹೆಸರಿನ ಜಾಗದಲ್ಲಿ ಸಿಗುವುದು ಸಾಲು ಪ್ರಶ್ನಾರ್ಥಕ ಚಿಹ್ನೆ. ವಿಂಡೋಸ್‌ನ ಫೈಲ್ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗೆ ಅವಕಾಶವೇ ಇಲ್ಲದ್ದರಿಂದ ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. ಖಾತೆಯ ಹೆಸರನ್ನು ಆಮೇಲೆ ಇಂಗ್ಲಿಷಿಗೆ ಬದಲಿಸಿದರೂ ಪ್ರಯೋಜನವಿಲ್ಲ. ಮೊದಲು ಹುಟ್ಟಿದ ಫೋಲ್ಡರಿನ ಹೆಸರು ಹಾಗೇ ಉಳಿಯುತ್ತದೆ. ಪ್ರೋಗ್ರಾಮರ್ ಇಲ್ಲಿ ವಿಳಾಸವನ್ನು ಊಹಿಸಿಲ್ಲ, ಸರಿಯಾಗಿಯೇ ಕೇಳಿದ್ದಾರೆ. ಆದರೆ ಕನ್ನಡ ಅರಿಯದ ಬಾಗಿಲಲ್ಲಿ ನಿಂತು ಕೇಳಿದ್ದಾರೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಡಬ್ಲ್ಯು ಫಂಕ್ಷನ್ನುಗಳು ಎನ್‌ಟಿ ಕಾಲದಿಂದಲೂ ಇವೆ. 2002ರಲ್ಲಿ ಬಂದ ಡಾಟ್‌ನೆಟ್‌ನ ‘ಪಾತ್.ಗೆಟ್‌ಟೆಂಪ್‌ಪಾತ್’ ತಾನಾಗಿಯೇ ಯುನಿಕೋಡ್ ಬಳಸುತ್ತದೆ. 2019ರ ವಿಂಡೋಸ್ 10 ಆವೃತ್ತಿ 1903ರಿಂದ, ಹಳೆಯ ಎ ಫಂಕ್ಷನ್ನುಗಳನ್ನೇ ಯುಟಿಎಫ್-8ರಲ್ಲಿ ಮಾತಾಡಿಸುವ ಸೌಲಭ್ಯವನ್ನು ಪ್ರೋಗ್ರಾಮಿನ ಮ್ಯಾನಿಫೆಸ್ಟಿನಲ್ಲಿ ಒಂದು ಸಾಲು ಸೇರಿಸಿ ಪಡೆಯಬಹುದು. ಕರ್ನಾಟಕದಲ್ಲಿ ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರು, ಅದರಲ್ಲೂ ಅಂಗಡಿ, ಶಾಲೆ, ಸಹಕಾರ ಸಂಘಗಳಿಗೆ ಬರೆಯುವವರು, ಅದನ್ನು ಗ್ರಾಹಕರ ಕೈಗೆ ಕೊಡುವ ಮುನ್ನ ಕನ್ನಡದಲ್ಲಿ ಹೆಸರಿಟ್ಟ ಒಂದು ಖಾತೆ ತೆರೆದು ಅದರಲ್ಲಿ ಒಮ್ಮೆ ಓಡಿಸಿ ನೋಡಲಿ.